ಹದಿಹರೆಯದ ಪ್ರೇಮದ ಮಾಂಗಾ: ದೊಡ್ಡವರು ಓದುವ ಬಗೆ

ಮೂವತ್ತು, ನಲವತ್ತು ದಾಟಿದವರು ಜಪಾನಿನ ಶಾಲಾ ಪ್ರೇಮದ ಮಾಂಗಾ (ಚಿತ್ರಕಥೆ) ಕೈಗೆತ್ತಿಕೊಂಡು ಎರಡನೇ ಸಂಪುಟಕ್ಕೇ ಬಿಟ್ಟುಬಿಡುವುದು ಸಾಮಾನ್ಯ. ಹೇಳುವ ಕಾರಣಗಳೂ ಹೆಚ್ಚುಕಡಿಮೆ ಒಂದೇ. ಕಥೆ ಮುಂದಕ್ಕೆ ಹೋಗುವುದಿಲ್ಲ, ಒಂದು ಮಾತಿಗೆ ಬಗೆಹರಿಯಬೇಕಾದ ತಪ್ಪುತಿಳಿವಳಿಕೆ ನೂರು ಪುಟ ಎಳೆಯುತ್ತದೆ, ಮುಖಗಳೆಲ್ಲ ಒಂದೇ ಥರ ಕಾಣುತ್ತವೆ. ಈ ದೂರುಗಳ ಮೂಲ ಬಹುಪಾಲು ಓದುವ ವೇಗದಲ್ಲಿದೆ. ತಿಂಗಳಿಗೊಂದು ಕಂತು ಓದಿ ಮುಂದಿನದಕ್ಕೆ ಕಾಯುವವರಿಗಾಗಿ ಕಟ್ಟಿದ ಕಥೆಯನ್ನು ಒಂದೇ ಭಾನುವಾರ ಮುಗಿಸಲು ಹೊರಟರೆ ಅದು ಕೈಕೊಡುತ್ತದೆ. ಸುಧಾ, ತರಂಗದ ಧಾರಾವಾಹಿಗಳನ್ನು ವಾರವಾರ ಕಾದು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲು ಆಯ್ಕೆ, ಆಮೇಲೆ ಕೊಳ್ಳುವುದು, ಪುಟ ಓದುವುದು, ಶಾಲೆಯ ಪಂಚಾಂಗ, ವೇಗ, ಕೊನೆಗೆ ಮುಜುಗರದ ವಿಷಯಗಳು. ಈ ಕ್ರಮದಲ್ಲೇ ಹೋಗೋಣ.

1. ಪತ್ರಿಕೆಯ ಹೆಸರು ನೋಡಿ ಆರಿಸಿ

ಇಂಥ ಪ್ರೇಮಕಥೆಗಳು ಬಹುಪಾಲು ಶೋಜೊ ಬಗೆಯವು. ಶೋಜೊ ಎಂದರೆ ಹುಡುಗಿಯರ ಪತ್ರಿಕೆಯಲ್ಲಿ ಬಂದದ್ದು ಎಂದಷ್ಟೇ ಅರ್ಥ. ಅದರೊಳಗೆ ವಯಸ್ಸಿನ ಮೆಟ್ಟಿಲುಗಳಿವೆ. ಕೊದಾನ್ಶಾ ಪ್ರಕಾಶನದ ನಕಯೋಶಿ (1954ರಲ್ಲಿ ಶುರು) ಮತ್ತು ಶುಎಯ್ಶಾದ ರಿಬೋನ್ (1955) ಪ್ರಾಥಮಿಕ, ಮಾಧ್ಯಮಿಕ ಶಾಲೆಯ ಹುಡುಗಿಯರಿಗೆ. ಅಲ್ಲಿನ ಪ್ರೇಮಕಥೆಗಳು ದೊಡ್ಡವರಿಗೆ ಬೇಗ ತೆಳುವೆನಿಸುತ್ತವೆ. ಬೆಸ್ಸತ್ಸು ಮಾರ್ಗರೆಟ್ ಮತ್ತು ಡೆಸರ್ಟ್ ಪ್ರೌಢಶಾಲೆಯ ವಯಸ್ಸಿನವರಿಗೆ, ಅದಕ್ಕಿಂತ ತುಸು ದೊಡ್ಡವರಿಗೂ. ಹಾಕುಸೆನ್ಶಾದ ಹನಾ ತೊ ಯುಮೆ (1974) ಮತ್ತು ಲಾಲಾ (1976) ವಿಚಿತ್ರ ಕಲ್ಪನೆ, ಹಾಸ್ಯ, ಶಾಪ, ವೇಷ ಬದಲಾವಣೆಯಂಥ ಕಥೆಗಳಿಗೆ ಹೆಸರುವಾಸಿ. ಕಿಸ್, ಫೀಲ್ ಯಂಗ್ ಮುಂತಾದವು ಜೋಸೆಯ್ ಪತ್ರಿಕೆಗಳು, ದುಡಿಯುವ ಹೆಂಗಸರನ್ನು ಎದುರಿಗಿಟ್ಟುಕೊಂಡವು.

ಮೊದಲ ಬಾರಿ ಓದುವ ದೊಡ್ಡವರಿಗೆ ಬೆಸ್ಸತ್ಸು ಮಾರ್ಗರೆಟ್ ಅಥವಾ ಡೆಸರ್ಟ್ ಸರಿಯಾದ ಬಾಗಿಲು. ಇಂಗ್ಲಿಷ್ ಪುಸ್ತಕದ ಬೆನ್ನಿನ ಮೇಲೆ ಪತ್ರಿಕೆಯ ಹೆಸರು ಇರುವುದಿಲ್ಲ. ಸರಣಿಯ ವಿಕಿಪೀಡಿಯ ಪುಟದ ಬಲಗಡೆಯ ಪಟ್ಟಿಯಲ್ಲಿ ಸಿಗುತ್ತದೆ. ಅಲ್ಲೇ ಇನ್ನೆರಡು ಸಂಗತಿ ನೋಡಿಕೊಳ್ಳಿ: ಒಟ್ಟು ಎಷ್ಟು ಸಂಪುಟ, ಸರಣಿ ಮುಗಿದಿದೆಯೇ ಇಲ್ಲವೇ. ಮುಗಿಯದ ಸರಣಿಯಿಂದ ಶುರುಮಾಡಬೇಡಿ. ಯಾಜಾವಾ ಆಯ್ ಅವರ ನಾನಾ 21 ಸಂಪುಟಕ್ಕೆ ಬಂದು 2009ರಲ್ಲಿ ಲೇಖಕಿಯ ಅನಾರೋಗ್ಯದಿಂದ ನಿಂತದ್ದು ಇನ್ನೂ ಮುಂದುವರಿದಿಲ್ಲ.

2. ಮೊದಲ ಸರಣಿ

ನಿಮಗೆ ಯಾವುದು ಸಹಿಸಲಾಗದು ಎಂಬುದರ ಮೇಲೆ ಆರಿಸಿದರೆ ಒಳ್ಳೆಯದು.

ಪ್ರೇಮ ಹೇಳಿಕೊಳ್ಳಲು ಸಂಪುಟಗಟ್ಟಲೆ ಎಳೆಯುವುದು ಆಗದವರಿಗೆ: ಓರೆ ಮೊನೊಗತಾರಿ, 13 ಸಂಪುಟ. ದೈತ್ಯದೇಹದ ಹುಡುಗ, ಪುಟ್ಟ ಹುಡುಗಿ. ಇಬ್ಬರೂ ಶುರುವಿನಲ್ಲೇ ಜೋಡಿಯಾಗುತ್ತಾರೆ, ಕಥೆ ಆಮೇಲಿನದು. ನಗುವುದಕ್ಕೂ ಧಾರಾಳ ಜಾಗವಿದೆ.

ಶಾಲಾ ಸಮವಸ್ತ್ರವೇ ಬೇಡ ಅನ್ನುವವರಿಗೆ: ಯುಬಿಸಾಕಿ ತೊ ರೆನ್ರೆನ್, 2019ರಿಂದ ಡೆಸರ್ಟ್‌ನಲ್ಲಿ. ಕಿವಿ ಕೇಳಿಸದ ಕಾಲೇಜು ಹುಡುಗಿ ಯುಕಿ ನಾಯಕಿ. ಸನ್ನೆಭಾಷೆ ಕೈಗಳ ಚಿತ್ರದಲ್ಲೇ ಕಥೆ ಹೇಳುತ್ತದೆ. ಮುಗಿಯದ ಸರಣಿ ಬೇಡ ಎಂದೆವಲ್ಲ, ಇದೊಂದು ವಿನಾಯಿತಿ. ಒಂದೊಂದು ಸಂಪುಟವೂ ತನ್ನಷ್ಟಕ್ಕೇ ತೃಪ್ತಿ ಕೊಡುತ್ತದೆ.

ದೊಡ್ಡವರ ಕಣ್ಣಿಂದಲೇ ನೋಡಬೇಕು ಅನ್ನುವವರಿಗೆ: ಆರೆಂಜ್, ಮುಖ್ಯ ಕಥೆ ಐದು ಸಂಪುಟ. ಹದಿನಾರರ ಹುಡುಗಿಗೆ ಹತ್ತು ವರ್ಷ ಮುಂದಿನ ತನ್ನಿಂದಲೇ ಕಾಗದ ಬರುತ್ತದೆ. 26 ವಯಸ್ಸಿನ ಅದೇ ಗೆಳೆಯರ ಬಳಗವೂ ಕಥೆಯಲ್ಲಿದೆ. ಆತ್ಮಹತ್ಯೆ ಕಥೆಯ ನಡುವಿನ ವಿಷಯ; ಆ ನೋವು ಹತ್ತಿರದಲ್ಲೇ ಇರುವವರು ಇದನ್ನು ಮುಂದೂಡಲಿ.

ಪಕ್ಕಾ ಮಾದರಿ ಬೇಕೆನ್ನುವವರಿಗೆ: ಸಕಿಸಾಕಾ ಇಓ ಅವರ ಅಓಹಾ ರೈಡ್, 2011ರಿಂದ 2015, 13 ಸಂಪುಟ. ಅವರದೇ ಹಿಂದಿನ ಸ್ಟ್ರೋಬ್ ಎಡ್ಜ್ 10 ಸಂಪುಟ.

ಶಿಇನಾ ಕರುಹೊ ಅವರ ಕಿಮಿ ನಿ ತೊದೊಕೆ (2005–2017, 30 ಸಂಪುಟ) ಈ ಬಗೆಯ ಅತ್ಯುತ್ತಮ ಕೃತಿ ಎಂಬುದು ನಮ್ಮ ಅಭಿಪ್ರಾಯ. ಆದರೂ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ನಿಧಾನವೇ ಅದರ ಸೊಗಸು, ಆ ನಿಧಾನಕ್ಕೆ ಮೊದಲು ಕಣ್ಣು ಪಳಗಬೇಕು.

3. ಕೊಳ್ಳುವಾಗ

ಕನ್ನಡ ಓದುಗರ ಕೈಗೆ ಬರುವುದು ಇಂಗ್ಲಿಷ್ ಆವೃತ್ತಿಗಳು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಮಾಂಗಾ ಕಪಾಟು ಇದೆ. ಆದರೆ ಹೊಡೆದಾಟದ ಶೋನೆನ್ ಸರಣಿಗಳೇ ಮುಂದೆ ಕೂತಿರುತ್ತವೆ. ಶೋಜೊ ಬೇಕೆಂದರೆ ಕೇಳಿ ತೆಗೆಸಬೇಕು. ಒಂದು ಸಂಪುಟಕ್ಕೆ ಸುಮಾರು 400ರಿಂದ 700 ರೂಪಾಯಿ ಎಂದಿಟ್ಟುಕೊಂಡರೂ 30 ಸಂಪುಟದ ಸರಣಿ ಕನಿಷ್ಠ 12,000 ರೂಪಾಯಿಯ ಬಾಬತ್ತು. ಅದಕ್ಕೇ ಮೊದಲ ಮೂರನ್ನು ಮಾತ್ರ ಕೊಂಡು ನಿಲ್ಲಿಸಿ. ಮಧ್ಯದ ಸಂಪುಟಗಳು ಅಂಗಡಿಯಲ್ಲಿ ಆಗಾಗ ಖಾಲಿಯಾಗುವುದರಿಂದ, ಮುಂದುವರಿಸುವ ತೀರ್ಮಾನವಾದ ಮೇಲೆ ಮೂರು ನಾಲ್ಕು ಸಂಪುಟಗಳನ್ನು ಒಟ್ಟಿಗೆ ತರಿಸುವುದು ಲೇಸು. ಎರಡು ಮೂರು ಸಂಪುಟ ಸೇರಿಸಿ ಹೊಲಿದ ದಪ್ಪ ಆವೃತ್ತಿ ಇದ್ದರೆ ಅದೇ ಅಗ್ಗ; 23 ಸಂಪುಟದ ಫ್ರೂಟ್ಸ್ ಬಾಸ್ಕೆಟ್ ಇಂಗ್ಲಿಷಿನಲ್ಲಿ 12 ದಪ್ಪ ಪುಸ್ತಕಗಳಾಗಿ ಬಂದಿದೆ.

ನಕಲಿ ಮುದ್ರಣದ ಬಗ್ಗೆ ಎಚ್ಚರ. ಅರ್ಧ ಬೆಲೆಗೆ ಪೂರ್ತಿ ಸೆಟ್ ಎಂದು ಆನ್‌ಲೈನ್‌ನಲ್ಲೂ ಫುಟ್‌ಪಾತಿನಲ್ಲೂ ಸಿಗುವುದು ಹೆಚ್ಚಾಗಿ ಇಂಥದ್ದೇ. ಬೇರೆ ಬಗೆಯ ಮಾಂಗಾಗಿಂತ ಶೋಜೊಗೆ ಇದರಿಂದ ನಷ್ಟ ಹೆಚ್ಚು, ಏಕೆಂದರೆ ಇಲ್ಲಿ ಭಾವವೆಲ್ಲ ಸ್ಕ್ರೀನ್‌ಟೋನಿನಲ್ಲಿದೆ. ಸ್ಕ್ರೀನ್‌ಟೋನ್ ಎಂದರೆ ಬೂದು ಛಾಯೆ ತೋರಿಸುವ ಸಣ್ಣ ಚುಕ್ಕಿಗಳ ಹಾಳೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚುಹಾಕಿದಾಗ ಆ ಚುಕ್ಕಿಗಳು ಒಂದಕ್ಕೊಂದು ಅಂಟಿ ಕಪ್ಪು ಮಚ್ಚೆಯಾಗುತ್ತವೆ, ಇಲ್ಲವೇ ಅಲೆಅಲೆಯಾಗಿ ಮಿನುಗುತ್ತವೆ. ಪುಸ್ತಕ ತೆರೆದು ನಾಯಕಿಯ ಕೆನ್ನೆಯ ಮೇಲಿನ ನಾಚಿಕೆಯ ಗೆರೆಗಳನ್ನೂ ಕೂದಲಿನ ಬೂದು ಭಾಗವನ್ನೂ ನೋಡಿ. ಅವು ಸ್ಪಷ್ಟವಾಗಿರಬೇಕು. ಒಳಮಗ್ಗುಲಲ್ಲಿ ಮಾತಿನ ಗುಳ್ಳೆ ಅರ್ಧ ಕತ್ತರಿಸಿದ್ದರೆ, ಬೆನ್ನಿನ ಅಕ್ಷರಗಳು ಸಂಪುಟದಿಂದ ಸಂಪುಟಕ್ಕೆ ಮೇಲೆ ಕೆಳಗಾಗಿದ್ದರೆ ಬಿಟ್ಟುಬಿಡಿ.

ಇ-ಪುಸ್ತಕವಾದರೆ ಕಿಂಡಲ್, ಬುಕ್‌ವಾಕರ್‌ನಲ್ಲಿ ಬಿಡಿಬಿಡಿಯಾಗಿ ಕೊಳ್ಳಬಹುದು. ಆರು ಇಂಚಿನ ತೆರೆ ಈ ಬಗೆಗೆ ಚಿಕ್ಕದು. ಗುಳ್ಳೆಯ ಪಕ್ಕದ ಕೈಬರಹದ ಸಣ್ಣ ಟಿಪ್ಪಣಿಗಳು ಓದಲಾಗುವುದಿಲ್ಲ. ಎಂಟರಿಂದ ಹತ್ತು ಇಂಚಿನ ಟ್ಯಾಬ್ಲೆಟ್ ಸರಿ. ಚೌಕದಿಂದ ಚೌಕಕ್ಕೆ ತಾನಾಗಿ ಹಿಗ್ಗಿಸಿ ತೋರಿಸುವ ಸೌಲಭ್ಯವಿದ್ದರೆ ಮೊದಲು ಅದನ್ನು ನಿಲ್ಲಿಸಿಬಿಡಿ. ಕಾರಣ ಮುಂದಿನ ಭಾಗದಲ್ಲಿದೆ. ಎರಡು ಪುಟಗಳಿಗೆ ಹರಡಿದ ಚಿತ್ರ ಬಂದಾಗ ಟ್ಯಾಬ್ಲೆಟನ್ನು ಅಡ್ಡ ಹಿಡಿಯಿರಿ.

ಜಪಾನಿ ಕಲಿಯುತ್ತಿರುವವರು ಮೂಲವನ್ನೇ ಕೊಳ್ಳುವುದು ಒಳ್ಳೆಯದು. ಕಾಂಜಿ ಅಕ್ಷರಗಳ ಪಕ್ಕದಲ್ಲಿ ಓದುವ ಬಗೆ ತೋರಿಸುವ ಸಣ್ಣ ಫುರಿಗಾನಾ ಇರುವುದರಿಂದ ಉಚ್ಚಾರ ನೋಡಿ ನಿಘಂಟು ಹುಡುಕುವುದು ಸುಲಭ, ಮಾತುಗಳೂ ದಿನಬಳಕೆಯವು. ಬೆಂಗಳೂರಿನಲ್ಲಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ ಮುಗಿಸಿದವರು ನಿಧಾನವಾಗಿಯಾದರೂ ನಿಭಾಯಿಸಬಹುದು.

4. ಪುಟ ಓದುವುದು

ಬಲದಿಂದ ಎಡಕ್ಕೆ, ಮೇಲಿಂದ ಕೆಳಕ್ಕೆ. ಒಂದೇ ಚೌಕದೊಳಗೂ ಬಲಗಡೆಯ ಗುಳ್ಳೆ ಮೊದಲು. ಇಷ್ಟು ಎಲ್ಲರಿಗೂ ಹತ್ತು ನಿಮಿಷದಲ್ಲಿ ಒಗ್ಗುತ್ತದೆ. ತೊಡಕಿರುವುದು ಶೋಜೊ ಪುಟದ ಕಟ್ಟಡದಲ್ಲಿ.

ಹೊಡೆದಾಟದ ಮಾಂಗಾದಲ್ಲಿ ಚೌಕಗಳು ಕ್ರಿಯೆಯ ತುಣುಕುಗಳು. ಇಲ್ಲಿ ಚೌಕದ ಗೆರೆಯೇ ಕಳಚಿಹೋಗಿರುತ್ತದೆ; ಒಂದರ ಮೇಲೊಂದು ಹೇರಿಕೊಂಡಿರುತ್ತವೆ; ನಾಯಕಿಯ ಪೂರ್ಣಾಕೃತಿ ಮೂರು ಸಾಲು ಚೌಕಗಳನ್ನು ಸೀಳಿ ನಿಂತಿರುತ್ತದೆ. ಇದು ಹಳೆಯ ಪರಂಪರೆ. 1970ರ ದಶಕದಲ್ಲಿ, ಜಪಾನಿನ ಶೋವಾ ಶಕೆಯ 24ನೇ ವರ್ಷ ಅಂದರೆ 1949ರ ಆಸುಪಾಸು ಹುಟ್ಟಿದ ಹಾಗಿಯೊ ಮೊತೊ, ತಾಕೆಮಿಯಾ ಕೇಕೊ ಮೊದಲಾದ ಲೇಖಕಿಯರ ತಲೆಮಾರು ಪುಟವನ್ನು ಘಟನೆಯ ಬದಲು ಮನಸ್ಸಿನ ಸ್ಥಿತಿ ತೋರಿಸಲು ಬಳಸಿತು. ಚೌಕಕ್ಕೊಂದರಂತೆ ಹಿಗ್ಗಿಸಿ ನೋಡಿದರೆ ಈ ಪುಟ ಸತ್ತುಹೋಗುತ್ತದೆ.

ಆದ್ದರಿಂದ ಪುಟ ತಿರುವಿದ ಕೂಡಲೇ ಅಕ್ಷರಕ್ಕೆ ಹೋಗಬೇಡಿ. ಎರಡು ಕ್ಷಣ ಇಡೀ ಪುಟ ನೋಡಿ: ಎಲ್ಲಿ ಬಿಳಿ ಹೆಚ್ಚು, ಯಾವ ಮುಖ ದೊಡ್ಡದು. ಆಮೇಲೆ ಗುಳ್ಳೆಯೊಳಗಿನ ಮಾತು. ಕೊನೆಗೆ ಗುಳ್ಳೆಯಿಲ್ಲದೆ ತೇಲುವ ಸಾಲುಗಳು. ಅವು ಒಳಮಾತು, ಬಹುಪಾಲು ನಾಯಕಿಯದು. ಹುಡುಗನ ಒಳಮಾತು ಮೊದಲ ಸಲ ಕೇಳಿಸಿದ ಅಧ್ಯಾಯವನ್ನು ಗುರುತಿಟ್ಟುಕೊಳ್ಳಿ. ಅಲ್ಲಿಂದ ಕಥೆಯ ತೂಕ ಬದಲಾಗುತ್ತದೆ. ಗುಳ್ಳೆಯ ಪಕ್ಕದ ಸಣ್ಣ ಕೈಬರಹ ಗೊಣಗಾಟ ಅಥವಾ ಹಾಸ್ಯ. ಅವಸರದವರು ಬಿಡುವುದು ಇದನ್ನೇ, ಕಥೆಯ ಅರ್ಧ ನಗು ಇರುವುದೂ ಇಲ್ಲೇ.

ಹಿನ್ನೆಲೆಯ ಹೂವು, ನೊರೆಗುಳ್ಳೆ, ಮಿನುಗು ಆ ಜಾಗದಲ್ಲಿ ಇರುವ ವಸ್ತುಗಳಲ್ಲ, ನೋಡುತ್ತಿರುವವರ ಮನಸ್ಸು. ಹುಡುಗನ ಸುತ್ತ ಹೂ ಅರಳಿದ್ದರೆ ಆ ಹೊತ್ತಿಗೆ ಅವನನ್ನು ಯಾರು ನೋಡುತ್ತಿದ್ದಾರೆ ಎಂದು ಕೇಳಿಕೊಳ್ಳಿ, ಉತ್ತರದಲ್ಲೇ ಕಥೆ ಇದೆ. ಹಿನ್ನೆಲೆ ಇದ್ದಕ್ಕಿದ್ದಂತೆ ಖಾಲಿಯಾದರೆ ಆ ಕ್ಷಣಕ್ಕೆ ಸಮಯ ನಿಂತಿದೆ ಎಂದರ್ಥ. ದೊಕಿ ದೊಕಿ ಎದೆಬಡಿತ, ಕ್ಯುನ್ ಎದೆ ಹಿಂಡಿದಂತಾಗುವುದು, ಶೀನ್ ಮೌನದ ಸದ್ದು. ಈ ಮೂರು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಮುಖಗಳು ಒಂದೇ ಥರ ಅನಿಸಿದರೆ ಕಣ್ಣು ಮೂಗು ಬಿಟ್ಟು ಕೂದಲಿನ ಛಾಯೆ ನೋಡಿ. ಪೂರ್ತಿ ಕಪ್ಪು, ಚುಕ್ಕಿಯ ಬೂದು, ಖಾಲಿ ಬಿಳಿ: ಲೇಖಕಿ ಮುಖ್ಯ ಪಾತ್ರಗಳಿಗೆ ಇವನ್ನು ಹಂಚಿರುತ್ತಾರೆ. ಸಂಪುಟದ ಮೊದಲ ಪುಟಗಳಲ್ಲಿ ಪಾತ್ರ ಪರಿಚಯವಿದ್ದರೆ ಪ್ರತಿ ಸಲ ಓದಿ. ಪುಟದ ಅಂಚಿನಲ್ಲಿ ಉದ್ದನೆಯ ಪಟ್ಟಿಯಲ್ಲಿ ಲೇಖಕಿಯ ಹರಟೆ ಬರುವುದುಂಟು. ಪತ್ರಿಕೆಯಲ್ಲಿ ಜಾಹೀರಾತು ಇದ್ದ ಜಾಗ ಅದು. ಕಥೆಯ ನಡುವೆ ಓದಿದರೆ ಗುಂಗು ಕೆಡುತ್ತದೆ, ಅಧ್ಯಾಯ ಮುಗಿಸಿ ಹಿಂದಕ್ಕೆ ಬನ್ನಿ.

5. ಶಾಲೆಯ ಪಂಚಾಂಗ

ಜಪಾನಿನ ಶಾಲಾವರ್ಷ ಏಪ್ರಿಲ್‌ನಿಂದ ಮಾರ್ಚ್. ಪ್ರೌಢಶಾಲೆ ಮೂರು ವರ್ಷ, ವಯಸ್ಸು 15ರಿಂದ 18. ಕಥೆಯ ಗಡಿಯಾರ ಇದೇ, ಮತ್ತು ಹೆಚ್ಚಿನ ಸರಣಿಗಳು ಇದರಲ್ಲೇ ಓಡುತ್ತವೆ. ಏಪ್ರಿಲ್‌ನಲ್ಲಿ ತರಗತಿ ಬದಲಾವಣೆ: ಯಾರು ಯಾರ ಜೊತೆ ಬಂದರು ಎಂಬುದು ಇಡೀ ವರ್ಷದ ಭವಿಷ್ಯ. ಬೇಸಗೆಯಲ್ಲಿ ಯುಕಾತಾ ಉಟ್ಟು ಸಿಡಿಮದ್ದಿನ ಹಬ್ಬ. ಶರತ್ಕಾಲದಲ್ಲಿ ಶಾಲಾ ಸಾಂಸ್ಕೃತಿಕ ಹಬ್ಬ, ಸಾಮಾನ್ಯವಾಗಿ ಎರಡನೇ ವರ್ಷದಲ್ಲಿ ಪ್ರವಾಸ, ಕ್ಯೋತೊ ಅಥವಾ ಓಕಿನಾವಾಕ್ಕೆ. ಅಲ್ಲಿ ಕ್ರಿಸ್‌ಮಸ್ ಪ್ರೇಮಿಗಳ ಸಂಜೆ, ಹೊಸವರ್ಷ ದೇಗುಲಕ್ಕೆ ಹೋಗುವ ದಿನ. ಫೆಬ್ರವರಿ 14ಕ್ಕೆ ಹುಡುಗಿಯರು ಹುಡುಗರಿಗೆ ಚಾಕಲೇಟ್ ಕೊಡುತ್ತಾರೆ. ಮರ್ಯಾದೆಗೆ ಕೊಡುವುದು ಬೇರೆ, ಮನಸಾರೆ ಕೊಡುವುದು ಬೇರೆ. ಅದರ ಉತ್ತರ ಮಾರ್ಚ್ 14ಕ್ಕೆ. ಮೂರನೇ ವರ್ಷ ಬಂತೆಂದರೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ, ಬೇರೆ ಊರು, ಅಗಲಿಕೆ. ಸರಣಿ ಮುಗಿಯುವ ವಾಸನೆ ಅಲ್ಲಿಂದ ಬರುತ್ತದೆ.

ದೊಡ್ಡವರು ಹೆಚ್ಚು ಎಡವುವುದು ಪ್ರೇಮನಿವೇದನೆಯ ವಿಷಯದಲ್ಲಿ. ಜೊತೆಗೆ ಸಿನಿಮಾಕ್ಕೆ ಹೋದರು, ಕೈ ಹಿಡಿದರು, ಇನ್ನೇನು ಎಂದು ಅನಿಸುತ್ತದೆ. ಆದರೆ ಇಲ್ಲಿ ಕೊಕುಹಾಕು, ಅಂದರೆ ‘ನೀನು ನನಗೆ ಇಷ್ಟ, ನನ್ನ ಜೊತೆಯಾಗು’ ಎಂದು ಬಾಯಿಬಿಟ್ಟು ಹೇಳಿ ಉತ್ತರ ಪಡೆಯುವವರೆಗೆ ಜೋಡಿ ಜೋಡಿಯಲ್ಲ. ಹೇಳಿದ ಮೇಲೆ ಗೆಳೆತನ ಮೊದಲಿನಂತೆ ಉಳಿಯುವ ಭರವಸೆಯಿಲ್ಲ, ಮರುದಿನವೂ ಅದೇ ಕೋಣೆಯಲ್ಲಿ ಕೂರಬೇಕು. ತಡಮಾಡುವುದಕ್ಕೆ ಅವರಿಗೆ ಕಾರಣವಿದೆ.

ಕರೆಯುವ ಬಗೆಯನ್ನೂ ಗಮನಿಸಿ. ಮನೆತನದ ಹೆಸರಿಗೆ ಕುನ್ ಅಥವಾ ಸಾನ್ ಸೇರಿಸಿ ಕರೆಯುತ್ತಿದ್ದವರು ಸ್ವಂತ ಹೆಸರಿಗೆ ಇಳಿದರೆ, ನಮ್ಮಲ್ಲಿ ನೀವು ಹೋಗಿ ನೀನು ಆದಷ್ಟೇ ದೊಡ್ಡ ಹೆಜ್ಜೆ. ಕೆಲವು ಅನುವಾದಗಳು ಈ ಪ್ರತ್ಯಯಗಳನ್ನು ಉಳಿಸುತ್ತವೆ, ಕೆಲವು ತೆಗೆದುಹಾಕುತ್ತವೆ. ಕನ್ನಡದ ಕಿವಿ ಇರುವವರು ಉಳಿಸಿದ್ದನ್ನೇ ಕೊಳ್ಳಬೇಕು. ಬಹುವಚನದ ಮರ್ಯಾದೆ ಗೊತ್ತಿಲ್ಲದ ಓದುಗರಿಗಿಂತ ನಮಗೆ ಇದು ಹೆಚ್ಚು ದಕ್ಕುತ್ತದೆ.

6. ವೇಗ

ಮಾಸಪತ್ರಿಕೆಯ ಒಂದು ಅಧ್ಯಾಯ 30ರಿಂದ 50 ಪುಟ. ನಾಲ್ಕೈದು ಸೇರಿ ಸುಮಾರು 180 ಪುಟದ ಒಂದು ಸಂಪುಟ. ವರ್ಷಕ್ಕೆ ಸುಮಾರು ಮೂರು ಸಂಪುಟ. ಅಓಹಾ ರೈಡ್‌ನ 13 ಸಂಪುಟಕ್ಕೆ ನಾಲ್ಕು ವರ್ಷ ಹಿಡಿಯಿತು. ಮೂಲ ಓದುಗರಿಗೆ ತಪ್ಪುತಿಳಿವಳಿಕೆಯೊಂದು ಮೂರು ತಿಂಗಳ ಚಡಪಡಿಕೆಯಾಗಿತ್ತು. ಒಂದೇ ಕೂತಿನಲ್ಲಿ ಓದುವವರಿಗೆ ಅದೇ ಪೆದ್ದುತನವಾಗಿ ಕಾಣುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಕೊಕ್ಕೆ ಹಾಕಿರುವುದರಿಂದ, ಸಾಲಾಗಿ ಓದಿದರೆ ಐದು ಅಧ್ಯಾಯಕ್ಕೆ ಐದು ಸಲ ಬಾಗಿಲಲ್ಲಿ ಯಾರೋ ಕದ್ದು ಕೇಳಿಸಿಕೊಂಡಂತೆ ಆಗುತ್ತದೆ.

ನಮ್ಮ ಲೆಕ್ಕ ಹೀಗೆ: ಒಂದು ಕೂತಿಗೆ ಒಂದೇ ಸಂಪುಟ, ವಾರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. 180 ಪುಟ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಏಕೆಂದರೆ ಅಕ್ಷರ ಕಡಿಮೆ. ಹಾಗೆ ಮುಗಿದರೆ ನೀವು ಗುಳ್ಳೆಗಳನ್ನಷ್ಟೇ ಓದಿದ್ದೀರಿ. ಒಂದು ಗಂಟೆ ಕೊಡಿ. ಅಧ್ಯಾಯದ ಕೊನೆಯ ಪುಟದಲ್ಲಿ ನಿಂತು, ಕಾಫಿಗೋ ಇನ್ನಾವುದಕ್ಕೋ ಎದ್ದುಹೋಗಿ.

ಬಿಡಬೇಕೋ ಮುಂದುವರಿಸಬೇಕೋ ಎಂಬುದನ್ನು ಮೂರನೇ ಸಂಪುಟದ ಕೊನೆಗೆ ನಿರ್ಧರಿಸಿ. ಮೊದಲ ಅಧ್ಯಾಯ ಎಷ್ಟೋ ಸಲ ತನ್ನಷ್ಟಕ್ಕೆ ಮುಗಿಯುವ ಬಿಡಿಕಥೆಯ ಹಾಗಿರುತ್ತದೆ. ಕಿಮಿ ನಿ ತೊದೊಕೆ ಕೂಡ 2005ರಲ್ಲಿ ಬಿಡಿಕಥೆಯಾಗಿಯೇ ಶುರುವಾಗಿ, ಆಮೇಲೆ ಬೆಳೆದದ್ದು. ಅದರಿಂದ ಮೊದಲ ಸಂಪುಟ ನೋಡಿ ಸರಣಿಯ ಗುಣ ಹೇಳಲಾಗದು. ಇನ್ನು ನಾಲ್ಕರಿಂದ ಏಳರ ನಡುವೆ ಪ್ರತಿಸ್ಪರ್ಧಿಯೊಬ್ಬರು ಬಂದು ಕಥೆ ಊದಿಕೊಳ್ಳುವುದು ಹೆಚ್ಚುಕಡಿಮೆ ನಿಯಮ. ಆ ಪ್ರತಿಸ್ಪರ್ಧಿಗೆ ಸ್ವಂತ ಒಳಮಾತು, ಸ್ವಂತ ಮನೆ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿದ್ದರೆ ತಾಳ್ಮೆ ಫಲಿಸುತ್ತದೆ. ಬರೀ ಕಲಹ ಹಚ್ಚಲು ಬಂದಿದ್ದರೆ ಒಂದೆರಡು ಸಂಪುಟ ಹಾರಿಸಿದರೂ ಏನೂ ಕಳೆದುಕೊಳ್ಳುವುದಿಲ್ಲ.

7. ಮುಜುಗರ, ವಯಸ್ಸು, ಕಾನೂನು

ಹದಿನಾರರ ಹುಡುಗನನ್ನು ನಾಯಕಿಯ ಜಾಗದಲ್ಲಿ ನಿಂತು ನೋಡಬೇಕಾಗಿಲ್ಲ. ಈ ಪುಸ್ತಕಗಳ ನಿಜವಾದ ಗೆಲುವು ಭಾವನೆಗೆ ಹೆಸರು ಸಿಗುವ ಮೊದಲಿನ ಗೊಂದಲವನ್ನು ಗೆರೆಗೆರೆಯಾಗಿ ತೋರಿಸುವುದರಲ್ಲಿದೆ, ಅದನ್ನು ಪಕ್ಕದಲ್ಲಿ ನಿಂತು ನೋಡಿದರೂ ಪೂರ್ತಿ ದಕ್ಕುತ್ತದೆ. ದೊಡ್ಡವರಿಗೆ ಇನ್ನೊಂದು ಕಿಟಕಿಯೂ ಇದೆ: ಅಂಚಿನಲ್ಲಿರುವ ಅಪ್ಪ ಅಮ್ಮ, ಮೇಷ್ಟ್ರು. ಎಳೆಯ ಓದುಗರಿಗಾಗಿ ಬರೆದುದರಿಂದ ಅವರನ್ನು ಕಥೆಯಿಂದ ಆಚೆ ಇಟ್ಟಿರುತ್ತಾರೆ. ಅಪ್ಪನಿಗೆ ದೂರದ ಊರಿಗೆ ವರ್ಗವಾಗುವುದು ಹಳೆಯ ಉಪಾಯ. ಅಪರೂಪಕ್ಕೆ ತಾಯಿಗೆ ಎರಡು ಪುಟ ಸಿಕ್ಕಾಗ ಅದನ್ನು ನಿಧಾನವಾಗಿ ಓದಿ.

ಬಲವಂತದ ಮುತ್ತು, ಗೋಡೆಗೆ ಒತ್ತರಿಸಿ ಕೈಯೂರುವ ಕಾಬೆದೋನ್ (2014ರಲ್ಲಿ ಜಪಾನಿನ ವರ್ಷದ ಜನಪ್ರಿಯ ಪದಗಳ ಪಟ್ಟಿಗೂ ಸೇರಿತು), ಹೊಟ್ಟೆಕಿಚ್ಚನ್ನೇ ಪ್ರೀತಿಯೆನ್ನುವುದು: ಹಳೆಯ ಸರಣಿಗಳಲ್ಲಿ ಇವು ಬರುತ್ತವೆ. ಒಂದು ಪರೀಕ್ಷೆ ಸಾಕು. ಮುಂದಿನ ಅಧ್ಯಾಯದಲ್ಲಿ ಅದರ ಪರಿಣಾಮ ಇದೆಯೇ? ಹುಡುಗಿ ಹೆದರಿದ್ದು, ಹುಡುಗ ಕ್ಷಮೆ ಕೇಳಿದ್ದು, ಗೆಳತಿ ಬೈದದ್ದು ಏನಾದರೂ ಇದ್ದರೆ ಲೇಖಕಿಗೆ ತಾನು ಬರೆಯುತ್ತಿರುವುದು ಗೊತ್ತಿದೆ. ಹೂವಿನ ಹಿನ್ನೆಲೆ ಹಾಕಿ ಮುಂದೆ ಸಾಗಿದ್ದರೆ ಪುಸ್ತಕ ಮುಚ್ಚಬಹುದು. ಮೇಷ್ಟ್ರು ಮತ್ತು ವಿದ್ಯಾರ್ಥಿನಿಯ ಪ್ರೇಮವನ್ನು ಮುದ್ದಾಗಿ ತೋರಿಸುವ ಸರಣಿಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಹಳೆಯ ಕಥೆಗಳಲ್ಲಿ ಹದಿನಾರರ ವಧು ಕಂಡರೆ ಅದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ: ಜಪಾನಿನಲ್ಲಿ ಹೆಣ್ಣಿನ ಮದುವೆಯ ವಯಸ್ಸು 16 ಇದ್ದದ್ದು 18 ಆದದ್ದು 2022ರ ಏಪ್ರಿಲ್‌ನಲ್ಲಿ. ಲೈಂಗಿಕ ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿದ್ದು 2023ರ ಜುಲೈನಲ್ಲಿ.

ಮುಖ್ಯವಾಹಿನಿಯ ಶಾಲಾ ಪ್ರೇಮಕಥೆ ಕೈಹಿಡಿಯುವುದು, ಒಂದು ಮುತ್ತು, ಅಷ್ಟಕ್ಕೇ ನಿಲ್ಲುತ್ತದೆ. ಅಪ್ರಾಪ್ತರನ್ನು ಲೈಂಗಿಕವಾಗಿ ತೋರಿಸುವ ಸರಕು ಬೇರೆಯೇ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಮಕ್ಕಳನ್ನು ಅಶ್ಲೀಲವಾಗಿ ಚಿತ್ರಿಸುವ ಡಿಜಿಟಲ್ ಸಾಮಗ್ರಿಯನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಪರವಾನಗಿಯಿಲ್ಲದ ಸ್ಕ್ಯಾನ್ ತಾಣಗಳಲ್ಲಿ ಎರಡೂ ಪಕ್ಕಪಕ್ಕದಲ್ಲೇ ಬಿದ್ದಿರುತ್ತವೆ. ಅಲ್ಲಿಗೆ ಹೋಗದಿರಲು ಇದೊಂದೇ ಕಾರಣ ಸಾಕು.

ಬಸ್ಸಿನಲ್ಲಿ, ಮೆಟ್ರೋದಲ್ಲಿ ಗುಲಾಬಿ ಮುಖಪುಟ ಹಿಡಿಯಲು ಸಂಕೋಚವೇ? ಜಪಾನಿನ ಪುಸ್ತಕದಂಗಡಿಗಳಲ್ಲಿ ಕೊಳ್ಳುವಾಗಲೇ ಕಾಗದದ ಹೊದಿಕೆ ಹಾಕಿಕೊಡುವ ರೂಢಿಯಿದೆ. ನಮ್ಮಲ್ಲಿ ಜೂನ್‌ನಲ್ಲಿ ಮಕ್ಕಳ ಪಠ್ಯಕ್ಕೆ ಬೈಂಡ್ ಹಾಕಿ ಉಳಿದ ಖಾಕಿ ಹಾಳೆ ಆದೀತು. ಗೋಂದಿನ ಬೆನ್ನಿನ ಪುಸ್ತಕಗಳಾದ್ದರಿಂದ ಪೂರ್ತಿ ಮಲಗಿಸಿ ತೆರೆಯಬೇಡಿ, ಹಾಳೆ ಉದುರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಿಂದ ಈಚೆಗೆ ತೆಗೆದಿಡಿ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಹಿಂಬದಿಯ ರಕ್ಷಾಪುಟದ ವಯಸ್ಸಿನ ಗುರುತು ನೋಡಿ ಕಪಾಟು ಜೋಡಿಸಿ. ವಿಜ್ ಪ್ರಕಾಶನದ ಪುಸ್ತಕಗಳಲ್ಲಿ ಟಿ ಅಂದರೆ ಹದಿಹರೆಯದವರಿಗೆ, ಟಿ ಪ್ಲಸ್ ಅಂದರೆ ಅದರಲ್ಲೂ ದೊಡ್ಡವರಿಗೆ, ಎಂ ವಯಸ್ಕರಿಗೆ. ಜೋಸೆಯ್ ಸರಣಿಗಳ ಮುಖಪುಟವೂ ಅಷ್ಟೇ ಮುದ್ದಾಗಿರುತ್ತದೆ. ಹನ್ನೆರಡರ ಮಗಳು ಚಿತ್ರ ನೋಡಿ ಎತ್ತಿಕೊಳ್ಳುವುದು ಮೊದಲು ಅದನ್ನೇ, ಹಾಗಾಗಿ ಅವು ಮೇಲಿನ ಹಲಗೆಗೆ.